ದೇವರು ಹೆಗಡೆಯವರೂ ಗಾಳಿಯಿಲ್ಲದ ಟೈರೂ

ನಾನು ಗಾಳಿಯ ಪೈಪು ಹಿಡಿದು ಆ ಚಕ್ರಕ್ಕೆ ಎರಡನೇ ಪ್ರದಕ್ಷಿಣೆ ಹಾಕುವಾಗಲಾದರೂ ಯಾರಾದರೂ ತಡೆಯಬಹುದಿತ್ತು. ಯಾರೂ ತಡೆಯಲಿಲ್ಲ. ಶಿರಸಿಯ ನಮ್ಮ ಅಡಿಕೆ ಸಂಘದ ಅಂಗಳದಲ್ಲಿ ಆ ಹೊತ್ತಿಗೆ ಆಡಳಿತ ಮಂಡಳಿಯ ಅರ್ಧ ಜನ, ಹಮಾಲರು, ಅಡಿಕೆ ಆರಿಸುವ ಹೆಂಗಸರು, ಎಲ್ಲ ಸೇರಿದ್ದರು. ಹುಬ್ಬಳ್ಳಿಯ ಟೈರು ವ್ಯಾಪಾರಿ ಸಂಗಯ್ಯ ನಮ್ಮ ಫೋರ್ಕ್‌ಲಿಫ್ಟಿಗೆಂದು ಮಾದರಿಯ ಚಕ್ರವೊಂದನ್ನು ತಂದು ಗೋಡೆಗೆ ಒರಗಿಸಿಟ್ಟಿದ್ದ. ಮಂಡಳಿಯ ಸದಸ್ಯನಾದ ಮೇಲೆ ಏನನ್ನಾದರೂ ಪರೀಕ್ಷಿಸಿದಂತೆ ಕಾಣಬೇಕಲ್ಲ. ಧೂಳು ಹೊಡೆಯಲು ಇಟ್ಟುಕೊಂಡಿದ್ದ ಕಂಪ್ರೆಸರಿನ ಪೈಪನ್ನು ಎಳೆದುಕೊಂಡು ಬಂದು, "ಗಾಳಿ ಎಷ್ಟು ಹಿಡಿತದೆ, ನೋಡಿಯೇ ಬಿಡೋಣ" ಎಂದೆ.

ಗಾಳಿ ತುಂಬುವ ಮೂತಿ ಸಿಗಲಿಲ್ಲ. ಬಗ್ಗಿ ನೋಡಿದೆ. ಮಂಡಿಯೂರಿ ನೋಡಿದೆ. "ಸ್ವಲ್ಪ ಆ ಕಡೆ ತಿರುಗಿಸಿ" ಎಂದು ಹಮಾಲರಿಗೆ ಅಪ್ಪಣೆ ಮಾಡಿದೆ. ಅವರು ಬಹಳ ಗೌರವದಿಂದ ತಿರುಗಿಸಿದರು.

"ಸಾಹೇಬ್ರ, ಹುಡುಕಬ್ಯಾಡ್ರಿ," ಎಂದ ಸಂಗಯ್ಯ ಕೊನೆಗೆ. "ಇದು ಸಾಲಿಡ್ ಟೈರ್. ಒಳಗ ಗಾಳಿನ ಇರಂಗಿಲ್ರಿ. ಪೂರಾ ರಬ್ಬರ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ನಾನು ಪೈಪನ್ನು ಅಚ್ಚುಕಟ್ಟಾಗಿ ಸುತ್ತಿಡುವ ಕೆಲಸವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಮಾಡಿದೆ.

ನಗದೆ ಉಳಿದವರು ಒಬ್ಬರೇ, ಹುಲೇಕಲ್ಲಿನ ದೇವರು ಹೆಗಡೆಯವರು. ಅವರು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದು ನಿಂತಾಗ ಸಮಾಧಾನ ಹೇಳುತ್ತಾರೆ ಎಂದುಕೊಂಡೆ.

"ಗಾಳಿ ಇಲ್ಲೆ ಹೇಳಿ ಅಂವ ಹೇಳ್ತ. ನೀ ನೋಡಿದ್ಯನ ತಮಾ?" ಎಂದು ಕಿವಿಯಲ್ಲಿ ಕೇಳಿದರು. ನಮ್ಮ ಮನೆಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ ಎಂದು.

"ಮೂತಿನೇ ಇಲ್ಯಲ ದೇವರಣ್ಣ."

"ಮೂತಿ ಇಲ್ಲೆ ಅಂದ ಮಾತ್ರಕ್ಕೆ ಗಾಳಿ ಇಲ್ಲೆ ಹೇಳಿ ಎಂತ ಖಾತ್ರಿ? ಮಕ್ಕ ಆಡ ಚೆಂಡಿಗೆ ಮೂತಿ ಇರ್ತಾ?"

ದೇವರು ಹೆಗಡೆ ಎಂದರೆ ಇದೇ. ಯಾರನ್ನೂ ನಂಬದ ಮನುಷ್ಯನಿಗೆ ಈ ಹೆಸರಿಟ್ಟವರು ಅವರ ಅಜ್ಜ. ಅಜ್ಜ ಯಾವುದೋ ಹರಕೆ ತೀರಿಸುವುದನ್ನು ತಪ್ಪಿಸಿಕೊಳ್ಳಲು ಹೀಗೆ ಮಾಡಿರಬೇಕೆಂಬ ಗುಮಾನಿ ಮೊಮ್ಮಗನಿಗೆ ಇವತ್ತಿಗೂ ಇದೆ. ಶಿರಸಿ ಬಸ್ ನಿಲ್ದಾಣದಲ್ಲಿ ಅವರು ಹುಲೇಕಲ್ ಬಸ್ಸು ಹತ್ತುವುದನ್ನು ನೋಡಬೇಕು. ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಡ್ರೈವರನ್ನು ಕೇಳಿ, ಮುಂದಿನ ಸೀಟಿನ ಹೆಂಗಸನ್ನೂ ಕೇಳುತ್ತಾರೆ. ಮೂವರೂ ಹುಲೇಕಲ್ ಎಂದರೆ ಅನುಮಾನ ಇನ್ನೂ ಹೆಚ್ಚುತ್ತದೆ. ಮೂವರೂ ಒಂದೇ ಉತ್ತರ ಹೇಳಬೇಕಾದರೆ ಮೊದಲೇ ಮಾತಾಡಿಕೊಂಡಿರಬೇಕಲ್ಲ.

ಅವರ ಹೆಂಡತಿ ಸೀತಮ್ಮ ಒಮ್ಮೆ ನನ್ನ ಮನೆಯವಳ ಹತ್ತಿರ ಹೇಳಿದ್ದರು. "ಮೊಮ್ಮಕ್ಕ ಕಂಡಾತು. ಈಗ್ಲೂ ಇವು ಸಾರಿಗೆ ಉಪ್ಪು ಹಾಕಿದ್ಯಾ ಕೇಳ್ತ. ಹಾಕಿದ್ದಿ ಅಂದ್ರೆ ರುಚಿ ನೋಡ್ತ. ಉಪ್ಪು ಸರಿ ಇದ್ರೆ, ನೀನೇ ಹಾಕಿದ್ದಾ ಕೇಳ್ತ."

ಅವರ ಬಾಯಿಂದ ಇಷ್ಟು ವರ್ಷಗಳಲ್ಲಿ 'ಖರೆ' ಎಂಬ ಮಾತನ್ನು ನಾನಂತೂ ಕೇಳಿರಲಿಲ್ಲ. ಯಾರು ಏನೇ ಹೇಳಿದರೂ "ಇಪ್ಪಲೂ ಸಾಕು" ಎನ್ನುತ್ತಾರೆ. ಇರಬಹುದು, ಇಲ್ಲದೆಯೂ ಇರಬಹುದು, ನನ್ನನ್ನು ಮಾತ್ರ ಸಿಕ್ಕಿಸಬೇಡಿ ಎಂದು ಅರ್ಥ. ನನ್ನ ಅಪ್ಪ ತೀರಿಕೊಂಡ ಸುದ್ದಿಯನ್ನು ನಾನೇ ಫೋನು ಮಾಡಿ ತಿಳಿಸಿದಾಗಲೂ ಆ ತುದಿಯಿಂದ ಮೊದಲು ಬಂದದ್ದು "ಇಪ್ಪಲೂ ಸಾಕು" ಎಂದೇ. ಆದರೆ ಉಳಿದ ನೆಂಟರಿಗಿಂತ ಮೊದಲು ಬಾಗಿಲಿಗೆ ಬಂದವರೂ ಅವರೇ. ದುಃಖಕ್ಕೆ ಬಂದರೋ ಖಾತ್ರಿ ಮಾಡಿಕೊಳ್ಳಲು ಬಂದರೋ ನಾನು ಕೇಳಲಿಲ್ಲ.

ಅವರ ಅಡಿಕೆಯ ಕಥೆಯೂ ಹೀಗೆಯೇ. ಬಿಸಿಲಲ್ಲಿ ಒಣಗಿಸಿ ಸುಲಿದ ಬಿಳಿ ಅಡಿಕೆಗೆ ನಮ್ಮಲ್ಲಿ ಚಾಲಿ ಎನ್ನುತ್ತಾರೆ. ಹೆಗಡೆಯವರ ಚಾಲಿ ಒಳ್ಳೆಯ ಮಾಲೇ. ಎಲ್ಲರ ಚೀಲಗಳ ಬಾಯಿಯನ್ನು ಸೆಣಬಿನ ಸುತಳಿಯಲ್ಲಿ ಹೊಲಿದರೆ ಅವರು ಮನೆಯಿಂದಲೇ ಹಸಿರು ನೈಲಾನ್ ದಾರದಲ್ಲಿ ಹೊಲಿದು ತರುತ್ತಾರೆ. ಕದ್ದು ಬಿಚ್ಚಿದವನು ತಿರುಗಿ ಹೊಲಿಯಲು ಹಸಿರು ದಾರ ಎಲ್ಲಿಂದ ತರುತ್ತಾನೆ ಎಂಬುದು ಲೆಕ್ಕಾಚಾರ. ಅದೂ ಸಾಲದೆ, ಟೆಂಡರಿನ ದಿನದವರೆಗೆ ಆಗಾಗ ಗೋದಾಮಿಗೆ ಬಂದು, ತಮ್ಮದೇ ಚೀಲದ ಬಾಯಿ ತಾವೇ ಬಿಚ್ಚಿ, ಒಂದು ಅಡಿಕೆ ತೆಗೆದು ಅಡಕತ್ತರಿಯಲ್ಲಿ ಹೋಳು ಮಾಡಿ ನೋಡಿ, ತಮ್ಮ ತೋಟದ್ದೇ ಎಂದು ತಿಳಿದ ಮೇಲೆ ಮತ್ತೆ ಹೊಲಿದು ಹೋಗುತ್ತಾರೆ. ಅಡಕತ್ತರಿ, ದಾರ, ಗೋಣಿ ಹೊಲಿಯುವ ದಬ್ಬಣ ಎಲ್ಲ ಅವರ ಬಗಲಚೀಲದಲ್ಲೇ ಇರುತ್ತವೆ.

ಇನ್ನು ಆ ಫೋರ್ಕ್‌ಲಿಫ್ಟಿನ ವಿಷಯ. ಚೀಲಗಳನ್ನು ಎತ್ತಿ ಮೇಲಿನ ಸಾಲಿಗೆ ಪೇರಿಸಲೆಂದು ಸಂಘ ಒಂದು ಹಳೆಯ ಯಂತ್ರ ಕೊಂಡಿತ್ತು. ಓಡಿಸುವವನು ದಾಸನಕೊಪ್ಪದ ಹುಚ್ಚ ನಾಯ್ಕ. ಟ್ರ್ಯಾಕ್ಟರು, ಲಾರಿ ಎಲ್ಲ ಮೇಯಿಸಿದವನು. ಯಂತ್ರಕ್ಕೆ ಇದ್ದದ್ದು ಗಾಳಿಯ ಟೈರು. ಪದೇಪದೇ ಪಂಕ್ಚರ್ ಆಗುತ್ತಿತ್ತು. ನಿಂತಲ್ಲಿ ಆದರೆ ಬರೀ ಕಿರಿಕಿರಿ. ಆದರೆ ಈ ಸಲ ಸುಗ್ಗಿಯ ಶುರುವಿನಲ್ಲಿ, ಹೊರೆ ಪೂರ್ತಿ ಮೇಲೇರಿದ ಹೊತ್ತಿಗೆ ಮುಂದಿನ ಎಡ ಚಕ್ರ ಉಸ್ಸೆಂದು ಕುಸಿಯಿತು. ಯಂತ್ರ ವಾಲಿತು. ಚೀಲಗಳು ಜಾರಿ ಹುಚ್ಚನ ಪಕ್ಕಕ್ಕೇ ಬಿದ್ದವು. ಅಲ್ಲಿ ಅವನು ಇಟ್ಟುಕೊಂಡಿದ್ದ ಬುತ್ತಿ ಡಬ್ಬಿ ಹಪ್ಪಳವಾಯಿತು. ಹುಚ್ಚ ಇಳಿದು ಬಂದು, ಡಬ್ಬಿಯನ್ನು ಎತ್ತಿಕೊಂಡು, ಹೊರಗಿನ ಕಟ್ಟೆಯ ಮೇಲೆ ಕೂತ. ಆಮೇಲೆ ಯಂತ್ರ ಹತ್ತಲಿಲ್ಲ.

ಟೈರಿನಿಂದ ಪಂಕ್ಚರ್ ಅಂಗಡಿಯವನು ಒಂದು ದಬ್ಬಣ ಎಳೆದು ತೆಗೆದ. ಅದನ್ನು ಸಂಘದ ಮ್ಯಾನೇಜರ್ ಚೇತನಾ ಮೇಡಂ ತಮ್ಮ ಮೇಜಿನ ಮೇಲೆ ಸಾಕ್ಷಿಯಂತೆ ಇಟ್ಟುಕೊಂಡರು. ಅಲ್ಲಿಂದ ಗುಮಾನಿಯ ಸುಗ್ಗಿ ಶುರುವಾಯಿತು. ಯಂತ್ರ ಬಂದು ಕೆಲಸ ಕಡಿಮೆಯಾಯಿತೆಂದು ಹಮಾಲರು ಹಾಕಿದ್ದು ಎಂದರು ಕೆಲವರು. ಪಂಕ್ಚರ್ ಅಂಗಡಿಯವನೇ ತನ್ನ ವ್ಯಾಪಾರಕ್ಕೆ ಬಿತ್ತಿದ್ದು ಎಂದರು ಕೆಲವರು. ಹುಚ್ಚನೇ ರಜೆಗೆ ಮಾಡಿಕೊಂಡದ್ದು ಎಂದ ಮಹಾಶಯರೂ ಇದ್ದರು. ನಾನು ಮೂರನ್ನೂ ಸರದಿಯಂತೆ ನಂಬಿದೆ.

ವಿಚಾರಣೆಗೆ ಹೇಳಿ ಮಾಡಿಸಿದ ಮನುಷ್ಯ ದೇವರು ಹೆಗಡೆಯವರೇ ಅಲ್ಲವೇ. ಮೇಡಂ ದಬ್ಬಣವನ್ನು ಅವರ ಕೈಗೆ ಕೊಟ್ಟರು. ಅವರು ಮೂಸಿದರು, ಬೆಳಕಿಗೆ ಹಿಡಿದರು. ದಬ್ಬಣದ ಕಣ್ಣಿನಲ್ಲಿ ದಾರದ ಚೂರೊಂದು ಸಿಕ್ಕಿಕೊಂಡಿತ್ತು. ಗ್ರೀಸು ಕುಡಿದು ಕರ್ರಗಾಗಿ, ಯಾವ ದಾರವೆಂದು ತಿಳಿಯುವಂತಿರಲಿಲ್ಲ. ಹೆಗಡೆಯವರು ಅದನ್ನು ಹೆಬ್ಬೆರಳಿನಲ್ಲಿ ಒಮ್ಮೆ ತಿಕ್ಕಿದರು. ಮತ್ತೆ ಮೇಜಿನ ಮೇಲಿಟ್ಟರು. ಯಾರ ಮೇಲೂ ಅನುಮಾನ ಹೇಳಲಿಲ್ಲ. ಅಂಥ ದಿನವನ್ನು ನಾವು ಯಾರೂ ಕಂಡಿರಲಿಲ್ಲ.

ಮಂಡಳಿಯ ಸಭೆಗೆ ಹುಚ್ಚನನ್ನು ಕರೆಸಿದರು. ಟೈರು ಬದಲಾಯಿಸಿದರೆ ಹತ್ತುತ್ತೀಯಾ ಎಂದು ಕೇಳಿದರು.

"ದೇವರು ಹೆಗಡೇರು ಹೇಳ್ಲಿ," ಎಂದ ಹುಚ್ಚ. "ಟೈರು ಅಡ್ಡಿಲ್ಲ ಅಂತ ಅವ್ರು ಒಪ್ಲಿ. ಮತ್ತೆ ನಾ ಹತ್ತತೆ."

"ಅಲ್ಲ ಹುಚ್ಚ, ಅವರು ಯಾರನ್ನೂ ನಂಬೂದೇ ಇಲ್ವಲ್ಲ," ಎಂದೆ ನಾನು.

"ಅದ್ಕೇ ಹೇಳೂದ್ರಾ. ನೀವು ಎಲ್ಲಾದ್ಕೂ ಹೂಂ ಅಂತ್ರಿ."

ಸಭೆ ನನ್ನನ್ನು ನೋಡಿತು. ನಾನು ಹೂಂ ಎಂದೆ.

ಸಾಮಾನ್ಯವಾಗಿ ಇಂಥ ಹೊಣೆ ಬಂದರೆ ಹೆಗಡೆಯವರು ಛತ್ರಿ ಹುಡುಕಿಕೊಂಡು ಎದ್ದುಬಿಡುತ್ತಾರೆ. ಸಹಿ, ಸಾಕ್ಷಿ, ಜಾಮೀನು ಯಾವುದಕ್ಕೂ ಸಿಕ್ಕವರಲ್ಲ. ಆ ದಿನ ಅವರೇ ಕೈಯೆತ್ತಿ, "ಟೈರು ಆರಿಸೂದು ನಾನು ನೋಡ್ಕೊಳ್ತೇನೆ" ಎಂದರು. ನನಗೆ ಅಲ್ಲೇ ಸಂಶಯ ಹುಟ್ಟಿತು. ಪಕ್ಕದ ಸದಸ್ಯ ನನ್ನ ತೊಡೆ ಚಿವುಟಿ, "ಟೈರಿನವರು ಕಮಿಷನ್ ಕೊಡ್ತ್ರಡ, ಗೊತ್ತಿದ್ದಾ?" ಎಂದ.

ಹೀಗೆ ಸಂಗಯ್ಯ ಮಾದರಿ ತಂದದ್ದು, ಮತ್ತು ನಾನು ಪೈಪು ಹಿಡಿದು ಪ್ರದಕ್ಷಿಣೆ ಹಾಕಿದ್ದು. ನನ್ನ ಪ್ರಸಂಗ ಮುಗಿದ ಮೇಲೆ ಸಂಗಯ್ಯ ಒಂದು ಕಪ್ಪು, ಒಂದು ಬಿಳಿ, ಎರಡು ಸಾಲಿಡ್ ಟೈರಿನ ತುಂಡುಗಳನ್ನು ಬೆಂಚಿನ ಮೇಲಿಟ್ಟ.

"ಟೈರ್ ಆರ್ಸೂದಂದ್ರ ಚಪ್ಲಿ ಆರ್ಸಿದಂಗರಿ. ಹೊಲಕ್ಕ ಹೋಗಾಕ ಒಂದು, ಗುಡಿಗೆ ಹೋಗಾಕ ಒಂದು."

"ಗುಡಿಗೆ ಬರಿಗಾಲಲ್ಲಿ ಹೋಗ್ತಾರೆ," ಎಂದರು ಹೆಗಡೆಯವರು.

ಸಂಗಯ್ಯ ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದ. ಗಾಡಿ ಹೆಚ್ಚು ಓಡುವುದು ಎಲ್ಲಿ, ಒಳಗೋ ಹೊರಗೋ? ನೆಲ ನುಣುಪೋ ಒರಟೋ? ಹೊರೆ ಎಷ್ಟು ಎತ್ತರಕ್ಕೆ ಏರುತ್ತದೆ? ಒಳಗೆ, ನುಣುಪು ನೆಲ, ಮಾಡಿನ ಹತ್ತಿರದವರೆಗೆ ಎಂದು ಮೇಡಂ ಹೇಳಿದರು. "ಹಂಗಾದ್ರ ಗಾಳಿ ಟೈರ್ ಬ್ಯಾಡ್ರಿ. ಕಲ್ಲು ಮಣ್ಣಿನ ಅಂಗಳದಾಗ ಗಾಳಿದು ಛಲೋ, ಕುಲುಕಂಗಿಲ್ಲ. ಇಲ್ಲಿ ಸಾಲಿಡ್ ಹಾಕ್ರಿ. ಮೊಳಿ ಹೊಕ್ರೂ ದಬ್ಬಣ ಹೊಕ್ರೂ ಕುಸಿಯಂಗಿಲ್ಲ."

ದಬ್ಬಣ ಎಂದಾಗ ಹೆಗಡೆಯವರು ಕೆಮ್ಮಿದರು.

"ಒಂದೇ ಚಕ್ರ ಹೋದದ್ದಲ್ಲವೇ, ಅದೊಂದಕ್ಕೇ ಸಾಲಿಡ್ ಹಾಕಿದರೆ ಸಾಕಲ್ಲ," ಎಂದು ನಾನು ಮಂಡಳಿಯ ಪರವಾಗಿ ಬುದ್ಧಿ ಓಡಿಸಿದೆ.

"ಸಾಹೇಬ್ರ, ನೀವು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಹವಾಯಿ ಚಪ್ಲಿ ಹಾಕ್ಕೊಂಡು, ತಲಿ ಮ್ಯಾಲೆ ಚೀಲ ಇಟ್ಕೊಂಡು ಅಟ್ಟ ಹತ್ರಿ ನೋಡೂಣು. ಎರಡೂ ಚಕ್ರ ಒಂದೇ ನಮೂನಿ, ಒಂದೇ ಎತ್ತರ ಇರಬೇಕ್ರಿ. ಕೆಳಗ ಬೆರಳಷ್ಟು ವಾಲಿದ್ರ ಮ್ಯಾಲೆ ಮೊಳ ವಾಲತೈತಿ."

ಹುಚ್ಚ ಕಟ್ಟೆಯ ಮೇಲಿನಿಂದಲೇ ನನ್ನನ್ನು ದಿಟ್ಟಿಸಿದ. ನಾನು ಮತ್ತೊಮ್ಮೆ ಪೈಪು ಸುತ್ತಲು ಹೋದೆ.

ಇನ್ನು ಕಪ್ಪೋ ಬಿಳಿಯೋ ಎಂಬ ಪ್ರಶ್ನೆ. ಟೆಂಡರಿನ ದಿನ ನಾವು ಚಾಲಿಯನ್ನು ನೆಲದ ಮೇಲೇ ರಾಶಿ ಹಾಕುತ್ತೇವೆ. ಖರೀದಿದಾರರು ಮುಷ್ಟಿಯಲ್ಲಿ ಹಿಡಿದು, ಉಜ್ಜಿ, ಮೂಸಿ ದರ ಬರೆಯುತ್ತಾರೆ. ಕಪ್ಪು ಟೈರು ನೆಲದ ಮೇಲೆ ಕರಿಗೆರೆ ಎಳೆಯುತ್ತದೆ. ಆ ಕರಿ ಚಾಲಿಗೆ ತಾಗಿದರೆ ಒಳ್ಳೆಯ ಮಾಲೂ ಕೋಕಾ, ಅಂದರೆ ಕಳಪೆ ಜಾತಿ, ಎನ್ನಿಸಿಕೊಳ್ಳುತ್ತದೆ. ಬಿಳಿ ಟೈರಿಗೆ ಆ ದೋಷವಿಲ್ಲ ಎಂದ ಸಂಗಯ್ಯ.

ಮಂಡಳಿಯವರಿಗೆ ಬಿಳಿಯೇ ಹಿಡಿಸಿತು. ಬೆಳ್ಳಗಿದ್ದದ್ದಕ್ಕೆ ಹೆಚ್ಚು ದರ ಎಂದು ಹುಟ್ಟಿನಿಂದ ಕಂಡವರು ನಾವು. ಹೆಗಡೆಯವರು ಮಾತ್ರ ಬಗಲಚೀಲದಿಂದ ಅಡಕತ್ತರಿ ತೆಗೆದು, ಸಂಗಯ್ಯ "ಏ ಏ" ಎನ್ನುವುದರೊಳಗೆ ಬಿಳಿ ತುಂಡಿನ ಅಂಚನ್ನು ಚಾಲಿಯಂತೆ ಕಚಕ್ಕನೆ ಕತ್ತರಿಸಿ, ಹೋಳನ್ನು ಬೆಳಕಿಗೆ ಹಿಡಿದು, ಮೂಸಿ, ನಾಲಿಗೆಯ ತುದಿಗೂ ತಾಗಿಸಿದರು.

"ಇಷ್ಟು ಬಿಳಿ ಎಂತಕ್ಕೆ? ಚಾಲಿ ಹೀಗೆ ಬೆಳ್ಳಗಿದ್ರೆ ಗಂಧಕದ ಹೊಗೆ ಕೊಟ್ಟದ್ದಾ ಅಂತ ಕೇಳ್ತೇವೆ ನಾವು."

"ಬಣ್ಣ ಹಾಕಿದ್ದು ಇದಕ್ಕಲ್ರಿ, ಆ ಕರೇದಕ್ಕ! ರಬ್ಬರಿನ ಹಾಲು ಬೆಳ್ಳಗನ ಇರತೈತಿ. ಅದಕ್ಕ ಕಾಡಿಗಿಯಂಥ ಕರಿಪುಡಿ ಬೆರಸ್ತಾರ, ಗಟ್ಟಿ ಆಗ್ಲಿ, ಬಾಳ ದಿನ ಬರ್ಲಿ ಅಂತ. ಸುಳ್ಳು ಯಾಕ ಹೇಳ್ಲಿ, ಬಿಳೇದು ಒರಟ ನೆಲದಾಗ ಲಗೂ ಸವೀತೈತಿ. ಗಾಡಿ ಹೊರಗ ತಿರಗಾಡಿಸಬ್ಯಾಡ್ರಿ."

ತನ್ನ ಮಾಲಿಗೆ ತಾನೇ ಹುಳುಕು ಹೇಳುವ ವ್ಯಾಪಾರಿಯನ್ನು ಹೆಗಡೆಯವರು ಆವರೆಗೆ ಕಂಡಿರಲಿಲ್ಲ. ಇದರಲ್ಲಿ ದೊಡ್ಡದೇ ಏನೋ ಇದೆ ಎಂದು ಅವರ ಹುಬ್ಬು ಹೇಳಿತು. ಮರುದಿನವೇ ಸಿದ್ದಾಪುರದ ಬಸ್ಸು ಹತ್ತಿದರು. ಅಲ್ಲಿ ಅವರ ಭಾವನೆಂಟನೊಬ್ಬ ರಬ್ಬರು ಹಾಕಿದ್ದಾನೆ. ಮರದ ಬುಡದಲ್ಲಿ ಕೂತು, ಗೀರು ಹಾಕಿಸಿ, ಹಾಲು ಬಟ್ಟಲಿಗೆ ಇಳಿಯುವುದನ್ನು ಕಣ್ಣಾರೆ ನೋಡಿ ಬಂದರು.

"ಎಂತಾತು ದೇವರಣ್ಣ?"

"ಆ ಮರದ ಹಾಲು ಬೆಳ್ಳಗಿದ್ದು," ಎಂದರು. ಬೇರೆ ಮರಗಳ ಬಗ್ಗೆ ಮಾತು ಕೊಡಲಿಲ್ಲ.

ಅಂತೂ ನಾಲ್ಕಕ್ಕೂ ಬಿಳಿ ಸಾಲಿಡ್ ಎಂದು ತೀರ್ಮಾನವಾಯಿತು. ಸಾಲಿಡ್ ಟೈರನ್ನು ಕೈಯಲ್ಲಿ ಏರಿಸಲು ಬರುವುದಿಲ್ಲ, ದೊಡ್ಡ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ಅದು ಶಿರಸಿಯಲ್ಲಿಲ್ಲ. ಚಕ್ರಗಳನ್ನು ಬಿಚ್ಚಿ ಹುಬ್ಬಳ್ಳಿಗೆ ಕಳಿಸಬೇಕು. ಚಕ್ರಗಳ ಜೊತೆ ತಾನೇ ಹೋಗುತ್ತೇನೆ, ದಾರಿಯಲ್ಲಿ ಬದಲಾಯಿಸಿದರೆ ಎಂದರು ಹೆಗಡೆಯವರು. ಅವರ ಜೊತೆ ನೀನು ಹೋಗು, ಅಂಗಡಿಯಲ್ಲಿ ಏನಾದರೂ ತಗೊಂಡರೆ ಎಂದು ಮಂಡಳಿ ನನಗೆ ಗುಟ್ಟಿನಲ್ಲಿ ಹೇಳಿತು. ಅವರು ಚಕ್ರ ಕಾಯುವುದು, ನಾನು ಅವರನ್ನು ಕಾಯುವುದು. ನನ್ನನ್ನು ಕಾಯಲು ಡ್ರೈವರನಿಗೆ ಯಾರಾದರೂ ಹೇಳಿದ್ದರೋ ಏನೋ, ಅವನು ಕನ್ನಡಿಯಲ್ಲಿ ಬಹಳ ಸಲ ನೋಡುತ್ತಿದ್ದ.

"ನಿನ್ನ ಎಂತಕ್ಕೆ ಕಳ್ಸಿದ್ದ?" ಎಂದು ಹೆಗಡೆಯವರು ಪಿಕಪ್ಪು ಹೊರಟ ಕೂಡಲೇ ಕೇಳಿದರು.

"ಸಹಾಯಕ್ಕೆ."

"ಇಪ್ಪಲೂ ಸಾಕು."

ಯಲ್ಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಅವರು ಗಾಡಿ ಬಿಟ್ಟು ಇಳಿಯಲಿಲ್ಲ. ನಾನೇ ಗ್ಲಾಸು ತಂದು ಕೊಟ್ಟೆ. "ಮೊದ್ಲು ನೀ ಒಂದು ಗುಟುಕು ಕುಡಿ" ಎಂದರು. ಕುಡಿದೆ. ನಾನು ಬದುಕಿಯೇ ಇದ್ದೇನೆಂದು ಕಂಡ ಮೇಲೆ ಅವರೂ ಕುಡಿದರು.

ಹುಬ್ಬಳ್ಳಿಯ ಅಂಗಡಿಯಲ್ಲಿ ಒಂದೊಂದು ಹೊಸ ಟೈರಿನ ಮೇಲೂ ಅಡಕತ್ತರಿಯ ಮೊನೆಯಿಂದ ತಮ್ಮ ಗುಟ್ಟಿನ ಗೀರು ಎಳೆದರು. ಪ್ರೆಸ್ಸು ಕಿರುಗುಟ್ಟುತ್ತ ಟೈರನ್ನು ಗಾಲಿಯ ಮೇಲೆ ಕೂರಿಸುವಾಗ ಇಡೀ ಹೊತ್ತು ನಿಂತೇ ನೋಡಿದರು. ಎಲ್ಲ ಮುಗಿದ ಮೇಲೆ ಒಂದು ಟೈರಿನ ಗೀರು ಕಾಣೆ. ಹೆಗಡೆಯವರು ಚಕ್ರದ ಸುತ್ತ ತಿರುಗಿದರು. ಬಗ್ಗಿದರು. ಮಂಡಿಯೂರಿದರು. ಟೈರನ್ನು ಮಗುಚಿ ಕೂರಿಸಿದ್ದರಿಂದ ಗೀರು ಆ ಬದಿಗೆ ಹೋಗಿತ್ತು. ಅವರ ಎರಡನೇ ಪ್ರದಕ್ಷಿಣೆಯನ್ನು ನಾನು ತಡೆಯಲಿಲ್ಲ. ಸಂಗಯ್ಯ ಕೊಟ್ಟ ಕ್ಯಾಲೆಂಡರನ್ನೂ ಅವರು ಮುಟ್ಟಲಿಲ್ಲವಾದ್ದರಿಂದ ಮಂಡಳಿಗೆ ವರದಿ ಮಾಡುವಂಥದ್ದು ನನಗೆ ಬೇರೇನೂ ಸಿಗಲಿಲ್ಲ.

ವಾಪಸು ಬರುವಾಗ ಯಲ್ಲಾಪುರ ದಾಟಿದ ಮೇಲೆ ಇದ್ದಕ್ಕಿದ್ದಂತೆ ಕೇಳಿದರು. "ಹುಚ್ಚಂಗೆ ಮಕ್ಕ ಇದ್ವನ?"

"ಇದ್ದ. ಸಾಲೆಗೆ ಹೋಗ್ತ."

ಹಿಂದೆ ತಿರುಗಿ ಚಕ್ರಗಳನ್ನೊಮ್ಮೆ ನೋಡಿದರು. "ಆ ದಿನ ಅಂವ ಡಬ್ಬಿ ತೆಗೆಯಲೆ ಇಳಿದಿದ್ರೆ?"

ಅವರ ಪ್ರಶ್ನೆಗಳಲ್ಲಿ ಯಾರ ಮೇಲೂ ಅನುಮಾನವಿಲ್ಲದ ಪ್ರಶ್ನೆ ಇದೊಂದೇ ಎಂದು ಆಗ ಅನ್ನಿಸಿತು. ಅದಕ್ಕೇ ನನಗೆ ಅನುಮಾನ ಇನ್ನಷ್ಟು ಬಲವಾಯಿತು. ಏನೆಂದು ಮಾತ್ರ ತಿಳಿಯಲಿಲ್ಲ.

ಚಕ್ರ ಕೂರಿಸಿದ ದಿನ ಎಲ್ಲರೂ ಗೋದಾಮಿನಲ್ಲಿ ಸೇರಿದೆವು. ಕಪ್ಪು ಯಂತ್ರಕ್ಕೆ ಬಿಳಿ ಚಕ್ರ, ಸೂತಕದ ಮನೆಯವರು ಮದುವೆಯ ಚಪ್ಪಲಿ ಹಾಕಿಕೊಂಡಂತೆ ಕಾಣುತ್ತಿತ್ತು. ಹುಚ್ಚ ಚಪ್ಪಟೆ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು ಕಟ್ಟೆಯ ಮೇಲೆಯೇ ಇದ್ದ.

"ಹೇಳ್ರಾ ಹೆಗಡೇರೆ," ಎಂದ. "ಅಡ್ಡಿಲ್ಲ ಅನ್ನಿ, ಹತ್ತತೆ. ಅಡ್ಡಿದೆ ಅನ್ನಿ, ದಾಸನಕೊಪ್ಪದ ಬಸ್ ಈಗ ಬತ್ತದೆ."

ಹೆಗಡೆಯವರು ಬಾಯಿ ತೆರೆದರು. ಮುಚ್ಚಿದರು. ಬಗಲಚೀಲವನ್ನು ಒಮ್ಮೆ ಮುಟ್ಟಿ ನೋಡಿಕೊಂಡರು.

"ಎಲ್ಲರೂ ಚಹಾ ಕುಡ್ಕೊಂಡು ಬನ್ನಿ," ಎಂದರು. "ಒಂದು ಗಳಿಗೆ ನಾನೊಬ್ಬನೇ ನೋಡಬೇಕು."

ಹೊರಗೆ ಹೋಗಿ ಚಹಾ ಕುಡಿದೆವು. ಪಕ್ಕದ ಸದಸ್ಯ ನನಗೆ, "ಒಬ್ನೇ ಎಂತ ಮಾಡ್ತಾ ಇದ್ನೋ" ಎಂದ. ನಾವು ತಿರುಗಿ ಬಂದಾಗ ಹೆಗಡೆಯವರು ತಮ್ಮ ಹಸಿರು ದಾರದ ಚೀಲಗಳ ಮುಂದೆ ನಿಂತಿದ್ದರು. ಈ ವರ್ಷದ ಒಳ್ಳೆಯ ಚಾಲಿ ಅದು. ಮೇಲಿಂದ ಬಿದ್ದು ಒಡೆದರೆ ಹೋಳು, ಹೋಳಿಗೆ ದರವಿಲ್ಲ. ಈವರೆಗೆ ಅವರು ತಮ್ಮ ಒಂದು ಚೀಲವನ್ನೂ ಯಂತ್ರದಲ್ಲಿ ಎತ್ತಿಸಿದವರಲ್ಲ. ಹಮಾಲರ ಬೆನ್ನ ಹಿಂದೆಯೇ ನಡೆದು ಕೆಳಗಿನ ಸಾಲಿನಲ್ಲೇ ಇಡಿಸುತ್ತಿದ್ದರು.

"ಹುಚ್ಚ," ಎಂದರು. "ಮೊದಲು ನನ್ನ ಚೀಲ ಎತ್ತು. ಎಲ್ಲಕ್ಕಿಂತ ಮೇಲಿಡು."

ಅಡ್ಡಿಲ್ಲ ಎಂದು ಅವರು ಹೇಳಲಿಲ್ಲ. ಹುಚ್ಚ ಆ ಚೀಲಗಳನ್ನು ನೋಡಿದ, ಅವರ ಮುಖ ನೋಡಿದ. ಚಪ್ಪಟೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಯಂತ್ರ ಹತ್ತಿದ.

ಹೊರೆ ಏರಿತು. ಮಾಡಿನ ಹತ್ತಿರ ಹೋಗಿ ನಿಂತಿತು. ಹೆಗಡೆಯವರು ಚೀಲಗಳನ್ನು ನೋಡದೆ ಮುಂದಿನ ಎಡ ಚಕ್ರವನ್ನೇ ನೋಡುತ್ತಿದ್ದರು. ಯಂತ್ರ ಒಂದಿಷ್ಟೂ ವಾಲಲಿಲ್ಲ. ಹುಚ್ಚ ಚೀಲಗಳನ್ನು ಮೇಲಿನ ಸಾಲಿನಲ್ಲಿ ಕೂಸನ್ನು ಮಲಗಿಸಿದ ಹಾಗೆ ಇಟ್ಟು, ಹಿಂದಕ್ಕೆ ಬಂದ. ನೆಲದ ಮೇಲೆ ಒಂದು ಗೆರೆಯೂ ಇರಲಿಲ್ಲ. ಚೇತನಾ ಮೇಡಂ ಬಗ್ಗಿ ಬೆರಳಾಡಿಸಿ ನೋಡಿ, ಬೆರಳನ್ನು ನಮಗೆಲ್ಲ ತೋರಿಸಿದರು. ಹುಚ್ಚ ಮುಂದಿನ ಹೊರೆಗೆ ಹೊರಟ.

ನಾನೂ ಸದಸ್ಯನಲ್ಲವೇ. ಯಂತ್ರ ನಿಂತಾಗ ಏನಾದರೊಂದು ಪರೀಕ್ಷೆ ಮಾಡಿದಂತಿರಲಿ ಎಂದು ಎಡ ಚಕ್ರದ ಹತ್ತಿರ ಬಗ್ಗಿದೆ. ಬಿಳಿ ಟೈರಿನ ಒಳಬದಿಯಲ್ಲಿ, ಅರ್ಧಕ್ಕೂ ಹೆಚ್ಚು ಒಳಹೊಕ್ಕು, ಒಂದು ದಬ್ಬಣ ನಿಂತಿತ್ತು. ಅದರ ಕಣ್ಣಿನಲ್ಲಿ ಹೊಚ್ಚ ಹೊಸ ಹಸಿರು ನೈಲಾನ್ ದಾರದ ಚೂರು.

ಚೇತನಾ ಮೇಡಂ ಮೇಜಿನ ಮೇಲಿದ್ದ ಆ ಇನ್ನೊಂದು ದಬ್ಬಣ, ಅದರ ಕಣ್ಣಿನ ಕರ್ರಗಿನ ಚೂರು, ಹೆಬ್ಬೆರಳಿನಲ್ಲಿ ತಿಕ್ಕಿ ಸುಮ್ಮನಾದ ಮನುಷ್ಯ, ಎಲ್ಲ ಒಟ್ಟಿಗೆ ನೆನಪಾಯಿತು. ಹಮಾಲರು ದೂರದಲ್ಲಿದ್ದರು. ಹುಚ್ಚನಿಗೆ ಕೇಳಿಸದಂತೆ, ತಗ್ಗಿದ ದನಿಯಲ್ಲಿ ಕೇಳಿದೆ.

"ದೇವರಣ್ಣ, ಈ ದಬ್ಬಣ ಯಾರದ್ದು?"

ಅವರು ಬಗ್ಗಿದರು. ಎರಡು ಕೈಯಲ್ಲೂ ಹಿಡಿದು, ಕಷ್ಟಪಟ್ಟು ಅದನ್ನು ಎಳೆದು ತೆಗೆದರು. ತೂತಿನ ಹತ್ತಿರ ಕಿವಿಯಿಟ್ಟು ಒಂದು ಕ್ಷಣ ಆಲಿಸಿದರು. ದಬ್ಬಣವನ್ನು ಪಂಚೆಯ ಅಂಚಿಗೆ ಒರೆಸಿ ಬಗಲಚೀಲಕ್ಕೆ ಹಾಕಿಕೊಂಡರು.

"ಆ ಸಂಗಯ್ಯ ಹೇಳಿದ್ದು ಖರೆ," ಎಂದರು. "ಗಾಳಿ ಇಲ್ಲೆ."